ಅಮೆರಿಕನ್ನರ ಹೊರವಲಸೆ: ಚರಿತ್ರೆ ಮತ್ತು ಪರದೇಶವಾಸ

ಅಮೆರಿಕ ಸಂಯುಕ್ತ ಸಂಸ್ಥಾನವು ವಲಸೆ ಬಂದವರು ಕಟ್ಟಿದ ನಾಡು ಎಂಬುದು ಎಲ್ಲರಿಗೂ ಗೊತ್ತು. ಅಲ್ಲಿಂದ ಹೊರಟುಹೋದವರ ಚರಿತ್ರೆಯೂ ಆ ದೇಶದಷ್ಟೇ ಹಳೆಯದು, ಆದರೆ ಅವರ ಲೆಕ್ಕ ಇಟ್ಟವರಿಲ್ಲ. ಹೊರದೇಶಗಳಲ್ಲಿರುವ ಅಮೆರಿಕನ್ ಪೌರರು ಸುಮಾರು 90 ಲಕ್ಷ ಎಂದು ಅಲ್ಲಿನ ವಿದೇಶಾಂಗ ಇಲಾಖೆ ಹೇಳಿದ್ದುಂಟು. ಮತದಾನಕ್ಕೆ ನೆರವಾಗುವ ಸರ್ಕಾರಿ ವಿಭಾಗದ 2022ರ ಅಂದಾಜು 44 ಲಕ್ಷ. ಜನಗಣತಿ ಇಲಾಖೆ 2004ರಲ್ಲಿ ಫ್ರಾನ್ಸ್, ಮೆಕ್ಸಿಕೊ ಮತ್ತು ಕುವೈತ್‌ಗಳಲ್ಲಿ ಪ್ರಯೋಗಕ್ಕೆಂದು ಎಣಿಕೆ ನಡೆಸಿತು. ಉತ್ತರಿಸಿದವರು ತೀರ ಕಡಿಮೆಯಾದ್ದರಿಂದ ಆ ಪ್ರಯತ್ನವನ್ನೇ ಕೈಬಿಟ್ಟಿತು. ಯಾರು, ಯಾವಾಗ, ಎಲ್ಲಿಗೆ ಹೋದರು ಎಂಬುದನ್ನು ಜೋಡಿಸಿ ನೋಡಿದರೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಒಂದು, ಆ ದೇಶದೊಳಗಿನ ಗಾಯಗಳು: ಯುದ್ಧ, ವರ್ಣಭೇದ, ಸೇನೆಗೆ ಕಡ್ಡಾಯ ಭರ್ತಿ. ಇನ್ನೊಂದು, ಡಾಲರಿನ ಬೆಲೆ.

ಮೊದಲ ದೊಡ್ಡ ಗುಂಪು ದೇಶ ಹುಟ್ಟಿದಾಗಲೇ ಹೊರಟಿತು. ಸ್ವಾತಂತ್ರ್ಯ ಸಮರದಲ್ಲಿ ಬ್ರಿಟಿಷ್ ದೊರೆಯ ಪಕ್ಷದಲ್ಲಿ ನಿಂತವರಲ್ಲಿ ಸುಮಾರು 60,000 ಮಂದಿ ಕೆನಡಾ, ಬ್ರಿಟನ್, ಬಹಾಮಾಸ್‌ಗಳಿಗೆ ತೆರಳಿದರು. ಬ್ರಿಟಿಷ್ ಪಾಳಯಕ್ಕೆ ಓಡಿಬಂದು ಬಿಡುಗಡೆ ಪಡೆದಿದ್ದ ಸುಮಾರು 3,000 ಕಪ್ಪು ಜನರ ಹೆಸರನ್ನು 1783ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಒಂದು ದಾಖಲೆ ಪುಸ್ತಕದಲ್ಲಿ ಬರೆದುಕೊಂಡು ಅವರನ್ನು ನೋವಾ ಸ್ಕೋಷಿಯಾಕ್ಕೆ ಹಡಗು ಹತ್ತಿಸಲಾಯಿತು. ಕೊಡುತ್ತೇವೆಂದ ಜಮೀನು ಅಲ್ಲಿ ಸರಿಯಾಗಿ ಸಿಗಲಿಲ್ಲ. ಅವರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ 1792ರಲ್ಲಿ ಮತ್ತೆ ಸಮುದ್ರ ದಾಟಿ ಸಿಯೆರಾ ಲಿಯೋನ್‌ನಲ್ಲಿ ಫ್ರೀಟೌನ್ ಪಟ್ಟಣ ಕಟ್ಟಿದರು. 1816ರಲ್ಲಿ ಸ್ಥಾಪನೆಯಾದ ಅಮೆರಿಕನ್ ಕಾಲೊನೈಸೇಷನ್ ಸೊಸೈಟಿ, ಬಿಡುಗಡೆ ಪಡೆದ ಕಪ್ಪು ಜನರನ್ನು ಆಫ್ರಿಕಕ್ಕೆ ಕಳಿಸುವ ಯೋಜನೆ ಹಾಕಿತು. ಅದರಿಂದ ಹುಟ್ಟಿದ ಲೈಬೀರಿಯಾ 1847ರಲ್ಲಿ ಸ್ವತಂತ್ರವಾಯಿತು. ಅದರ ರಾಜಧಾನಿ ಮನ್ರೋವಿಯಾಕ್ಕೆ ಅಮೆರಿಕದ ಅಧ್ಯಕ್ಷ ಜೇಮ್ಸ್ ಮನ್ರೋ ಅವರ ಹೆಸರು. ದಾಸ್ಯ ಕಂಡವರ ವಂಶದವರೇ ಅಲ್ಲಿನ ಮೂಲನಿವಾಸಿಗಳ ಮೇಲೆ 1980ರ ಸೈನಿಕ ಕ್ಷಿಪ್ರಕ್ರಾಂತಿಯವರೆಗೆ ಅಧಿಕಾರ ನಡೆಸಿದ್ದು ಈ ಚರಿತ್ರೆಯ ಅತಿ ನೋವಿನ ಭಾಗ.

ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಬಿಳಿಯರಲ್ಲೂ ಕೆಲವು ಸಾವಿರ ಮಂದಿ 1865ರ ನಂತರ ಬ್ರೆಜಿಲ್‌ಗೆ ಹೋದರು. ಗುಲಾಮಗಿರಿ ಅಲ್ಲಿ 1888ರವರೆಗೂ ಕಾನೂನುಬದ್ಧವಾಗಿತ್ತು. ಸಾವೊ ಪೌಲೊ ರಾಜ್ಯದ ಸಾಂತಾ ಬಾರ್ಬರಾ ದೊಯೆಸ್ಟೆ ಮತ್ತು ಅಮೆರಿಕಾನಾ ಊರುಗಳಲ್ಲಿ ಅವರ ವಂಶದವರು ಇಂದಿಗೂ ಇದ್ದಾರೆ.

ಇದೇ ಶತಮಾನದಲ್ಲಿ ಮಿಷನರಿಗಳು ಪೂರ್ವಕ್ಕೆ ಹೊರಟರು. 1812ರಲ್ಲಿ ಹಡಗು ಹತ್ತಿದ ಅಡೊನಿರಾಮ್ ಜಡ್ಸನ್ ಕಲ್ಕತ್ತಾದ ಮೂಲಕ ಬರ್ಮಾ ಸೇರಿದರು. ಕರ್ನಾಟಕಕ್ಕೆ ಬಂದವರಲ್ಲಿ ಮೆಥೊಡಿಸ್ಟ್ ಪಂಥದವರು ಮುಖ್ಯರು. 1880ರಲ್ಲಿ ಆರಂಭವಾದ ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳಿಗೆ ಓಹಿಯೊದ ದಾನಿ ಜಾನ್ ಬಾಲ್ಡ್‌ವಿನ್ ಅವರ ಹೆಸರಿದೆ. ಕೋಲಾರದ ಇಟಿಸಿಎಂ ಆಸ್ಪತ್ರೆಯೂ ಇದೇ ಪಂಥದ ಕೆಲಸ.

ಪರದೇಶವಾಸಿ ಅಮೆರಿಕನ್ ಎಂದೊಡನೆ ಓದುಗರ ಮನಸ್ಸಿಗೆ ಬರುವುದು 1920ರ ದಶಕದ ಪ್ಯಾರಿಸ್. ಮೊದಲ ಮಹಾಯುದ್ಧಕ್ಕೆ ಮುಂಚೆ ಒಂದು ಡಾಲರಿಗೆ ಐದು ಫ್ರಾಂಕ್ ಚಿಲ್ಲರೆ ಸಿಗುತ್ತಿತ್ತು. 1926ರ ಕೊನೆಯಲ್ಲಿ ದರ ಒಂದು ನೆಲೆಗೆ ಬಂದಾಗ ಸುಮಾರು 25 ಫ್ರಾಂಕ್ ಆಗಿತ್ತು. ಸಣ್ಣ ಪತ್ರಿಕೆಯೊಂದಕ್ಕೆ ಬರೆದು ಬಂದ ಹಣದಲ್ಲಿ ತಿಂಗಳು ತಳ್ಳಬಹುದಾಗಿದ್ದುದು ಈ ದರದಿಂದಲೇ. ತವರಿನಲ್ಲಿ 1920ರಿಂದ ಪಾನನಿಷೇಧವೂ ಇತ್ತು. ಲೇಖಕಿ ಗರ್ಟ್ರೂಡ್ ಸ್ಟೈನ್ 1903ರಲ್ಲೇ ಬಂದು ನೆಲೆಸಿದ್ದರು. 1919ರಲ್ಲಿ ಶೇಕ್ಸ್‌ಪಿಯರ್ ಆ್ಯಂಡ್ ಕಂಪನಿ ಎಂಬ ಪುಸ್ತಕದಂಗಡಿ ತೆರೆದ ಸಿಲ್ವಿಯಾ ಬೀಚ್, ಬೇರೆ ಯಾರೂ ಮುಂದಾಗದಿದ್ದಾಗ ಜೇಮ್ಸ್ ಜಾಯ್ಸ್ ಅವರ ‘ಯುಲಿಸಿಸ್’ ಕಾದಂಬರಿಯನ್ನು 1922ರಲ್ಲಿ ಪ್ರಕಟಿಸಿದರು. ಕಾದಂಬರಿಕಾರ ಹೆಮಿಂಗ್ವೆ 1921ರ ಡಿಸೆಂಬರಿನಲ್ಲಿ ಬಂದರು. ಪ್ರತಿಭೆಗೆ ಪ್ಯಾರಿಸ್‌ನ ಗಾಳಿಯೇ ಕಾರಣವೆಂಬ ಮಾತು ಬಹಳ ಪ್ರಚಾರದಲ್ಲಿದೆ. ಫ್ರಾಂಕಿನ ಬೆಲೆಗೂ ಅದರಲ್ಲಿ ದೊಡ್ಡ ಪಾಲು ಸಲ್ಲಬೇಕು: 1929ರ ಆರ್ಥಿಕ ಕುಸಿತದ ನಂತರ ಕೆಲವೇ ವರ್ಷಗಳಲ್ಲಿ ಆ ಕೂಟದ ಬಹುಪಾಲು ಮಂದಿ ಊರಿಗೆ ಮರಳಿದರು.

ಅದೇ ಪ್ಯಾರಿಸ್‌ಗೆ ಕಪ್ಪು ಅಮೆರಿಕನ್ನರು ಬಂದ ಕಥೆ ಬೇರೆ, ಹೆಚ್ಚು ಆಳವಾದದ್ದು. ಮೊದಲ ಮಹಾಯುದ್ಧದಲ್ಲಿ ಹಾರ್ಲೆಮ್‌ನ ಕಪ್ಪು ಸೈನಿಕರ 369ನೇ ಪದಾತಿ ದಳ ಫ್ರೆಂಚ್ ಸೇನೆಯ ಅಧೀನದಲ್ಲಿ ಹೋರಾಡಿ ಫ್ರೆಂಚ್ ಪದಕಗಳನ್ನು ಪಡೆಯಿತು. ಫ್ರಾನ್ಸಿನಲ್ಲಿ ಬಿಳಿಯರ ಪಕ್ಕದಲ್ಲಿ ಕೂತು ಊಟ ಮಾಡಬಹುದೆಂಬ ಸುದ್ದಿಯನ್ನು ಆ ಸೈನಿಕರೇ ಮನೆಗೆ ಒಯ್ದರು. 1925ರಲ್ಲಿ ಹತ್ತೊಂಬತ್ತರ ಹರೆಯದಲ್ಲಿ ಬಂದ ನರ್ತಕಿ ಜೋಸೆಫಿನ್ ಬೇಕರ್ 1937ರಲ್ಲಿ ಫ್ರೆಂಚ್ ಪೌರತ್ವ ಪಡೆದು, ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ವಿರುದ್ಧ ಗುಪ್ತಚರಿಯಾಗಿ ದುಡಿದರು. ಫ್ರಾನ್ಸಿನ ಮಹನೀಯರ ಸ್ಮಾರಕವಾದ ಪ್ಯಾಂಥಿಯಾನ್‌ನಲ್ಲಿ 2021ರಲ್ಲಿ ಗೌರವ ಪಡೆದ ಮೊದಲ ಕಪ್ಪು ಮಹಿಳೆ ಅವರು. ಕಾದಂಬರಿಕಾರ ರಿಚರ್ಡ್ ರೈಟ್ 1947ರಲ್ಲಿ ಕುಟುಂಬ ಸಮೇತ ಬಂದು ನೆಲೆಸಿದರು.

ಮರುವರ್ಷ ಲೇಖಕ ಜೇಮ್ಸ್ ಬಾಲ್ಡ್‌ವಿನ್ ಬಂದರು, ಜೇಬಿನಲ್ಲಿ ಸುಮಾರು 40 ಡಾಲರ್ ಇಟ್ಟುಕೊಂಡು. 1949ರ ಡಿಸೆಂಬರಿನಲ್ಲಿ ಪರಿಚಯದ ಅಮೆರಿಕನ್ ಒಬ್ಬ ಹೋಟೆಲಿನಿಂದ ಎತ್ತಿಕೊಂಡು ಬಂದಿದ್ದ ಹಾಸಿಗೆ ಹೊದಿಕೆಯೊಂದು ಇವರ ಕೋಣೆಯಲ್ಲಿ ಸಿಕ್ಕಿತು. ಕಳವಿನ ಮಾಲು ಇಟ್ಟುಕೊಂಡ ಆರೋಪದ ಮೇಲೆ ಪೊಲೀಸರು ಇವರನ್ನು ಫ್ರೆನ್ ಜೈಲಿಗೆ ಹಾಕಿದರು. ಭಾಷೆ ಸರಿಯಾಗಿ ಬಾರದು, ತನ್ನನ್ನು ಯಾವಾಗ ಬಿಡುತ್ತಾರೆಂದು ತಿಳಿಯದು. ಕ್ರಿಸ್‌ಮಸ್ ಕಳೆದದ್ದೂ ಅಲ್ಲೇ. ಕೊನೆಗೆ ಮೊಕದ್ದಮೆ ವಜಾ ಆಯಿತು, ಆದರೆ ಹೊದಿಕೆಯ ಕಥೆ ಕೇಳಿ ನ್ಯಾಯಾಲಯದಲ್ಲಿದ್ದವರು ನಕ್ಕ ನಗುವನ್ನು ಅವರು ಮರೆಯಲಿಲ್ಲ. ತನ್ನ ಊರಿನಲ್ಲಿ ಕೇಳಿದ್ದ ನಗುವೇ ಅದೆಂದು ಪ್ರಬಂಧವೊಂದರಲ್ಲಿ ಬರೆದರು. ತನಗೆ ಅಮೆರಿಕದಲ್ಲಿದ್ದ ಸ್ಥಾನ ಪ್ಯಾರಿಸ್‌ನಲ್ಲಿ ಅಲ್ಜೀರಿಯನ್ನರಿಗೆ ಇದೆ ಎಂಬುದನ್ನೂ ಅವರು ಕಂಡರು. ಪರದೇಶವಾಸದ ಬಗ್ಗೆ ಇಷ್ಟು ನಿಷ್ಠುರವಾಗಿ, ಇಷ್ಟು ಪ್ರಾಮಾಣಿಕವಾಗಿ ಯೋಚಿಸಿದ ಅಮೆರಿಕನ್ ಲೇಖಕ ಇನ್ನೊಬ್ಬರಿಲ್ಲ ಎನ್ನಬಹುದು. ಜೀವನದ ಕೊನೆಯ ಹದಿನೇಳು ವರ್ಷ ಅವರು ದಕ್ಷಿಣ ಫ್ರಾನ್ಸಿನ ಸೇಂಟ್ ಪಾಲ್ ದ ವಾನ್ಸ್‌ನಲ್ಲಿ ಕಳೆದರು.

ಇದೇ ದಾರಿಯ ಇನ್ನೊಂದು ಕವಲು ಘಾನಾ. ಕಪ್ಪು ಚಿಂತಕ ಡುಬಾಯ್ಸ್ 1961ರಲ್ಲಿ ಅಕ್ರಾಕ್ಕೆ ಹೋಗಿ ಅಲ್ಲಿನ ಪೌರರಾದರು. 1963ರ ಆಗಸ್ಟ್ 27ರಂದು, ನಾಗರಿಕ ಹಕ್ಕುಗಳಿಗಾಗಿ ವಾಷಿಂಗ್ಟನ್ನಿನಲ್ಲಿ ನಡೆದ ಚಾರಿತ್ರಿಕ ಮೆರವಣಿಗೆಯ ಹಿಂದಿನ ದಿನ, ಅಲ್ಲೇ ತೀರಿಕೊಂಡರು.

1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಹುಡುಕಿಕೊಂಡು ಸೋವಿಯತ್ ಒಕ್ಕೂಟಕ್ಕೆ ಹೋದವರೂ ಸಾವಿರಾರು ಮಂದಿ. ಡೆಟ್ರಾಯಿಟ್‌ನ ಫೋರ್ಡ್ ಕಾರ್ಖಾನೆಯ ಉಪಕರಣ ತಯಾರಕ ರಾಬರ್ಟ್ ರಾಬಿನ್ಸನ್ ಎಂಬ ಕಪ್ಪು ಅಮೆರಿಕನ್ 1930ರಲ್ಲಿ ಸ್ಟಾಲಿನ್‌ಗ್ರಾಡ್ ಟ್ರ್ಯಾಕ್ಟರ್ ಕಾರ್ಖಾನೆ ಸೇರಿದರು. ಅಲ್ಲಿ ಇವರ ಮೇಲೆ ಕೈಮಾಡಿದ ಇಬ್ಬರು ಬಿಳಿಯ ಅಮೆರಿಕನ್ನರನ್ನು ಸೋವಿಯತ್ ನ್ಯಾಯಾಲಯ ದೇಶದಿಂದ ಹೊರಹಾಕಿತು. ರಾಬಿನ್ಸನ್ ಹೊರಬರಲು ಬಯಸಿದಾಗ ಮಾತ್ರ ಅನುಮತಿ ಸಿಗಲಿಲ್ಲ. ಅವರು ಅಲ್ಲಿಂದ ಪಾರಾದದ್ದು 1974ರಲ್ಲಿ, ಉಗಾಂಡದ ಮೂಲಕ. ಸ್ಟಾಲಿನ್‌ನ ದಮನದಲ್ಲಿ ಜೀವ ಕಳೆದುಕೊಂಡ ಅಮೆರಿಕನ್ನರೂ ಇದ್ದಾರೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೇನಾ ಭರ್ತಿಯನ್ನು ಒಪ್ಪದ ಹತ್ತಾರು ಸಾವಿರ ಯುವಕರು ಕೆನಡಾ ಸೇರಿದರು. ಅಧ್ಯಕ್ಷ ಜಿಮ್ಮಿ ಕಾರ್ಟರ್ 1977ರ ಜನವರಿ 21ರಂದು ಭರ್ತಿ ತಪ್ಪಿಸಿದವರಿಗೆ ಕ್ಷಮಾದಾನ ನೀಡಿದ ಮೇಲೂ ಹಲವರು ಹಿಂತಿರುಗಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಮೆಕ್ಸಿಕೊ ಮುಖ್ಯ ನೆಲೆಯಾಯಿತು. ಮಾಜಿ ಸೈನಿಕರ ಓದಿಗೆಂದು ಸರ್ಕಾರ ಕೊಟ್ಟ ಹಣದಲ್ಲಿ ಸಾನ್ ಮಿಗೆಲ್ ದೆ ಅಯೆಂದೆಯ ಕಲಾಶಾಲೆಗೆ ಬಂದವರಿಂದ ಅಲ್ಲಿನ ಅಮೆರಿಕನ್ ನೆಲೆ ಬೆಳೆಯಿತು. ನಿವೃತ್ತರು ಚಪಾಲಾ ಸರೋವರದ ದಡದ ಅಹಿಹಿಕ್ ಊರನ್ನು ಹಿಡಿದರು. ಸಾಮಾಜಿಕ ಭದ್ರತಾ ಪಿಂಚಣಿ ಹೊರದೇಶದಲ್ಲೂ ಕೈಸೇರುತ್ತದೆ. ಆದರೆ ವೃದ್ಧರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಗಡಿಯಾಚೆಯ ಚಿಕಿತ್ಸೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಹೀಗಾಗಿ ಮಂಡಿ ಶಸ್ತ್ರಚಿಕಿತ್ಸೆ ಎಲ್ಲಿ, ವಿಮೆ ಯಾವುದು ಎಂಬ ಮಾತು ಅಲ್ಲಿನ ಹಿರಿಯರ ನಡುವೆ ನಿತ್ಯದ್ದು. ಇತ್ತೀಚಿನವರು ಲ್ಯಾಪ್‌ಟಾಪ್ ಹಿಡಿದು ಬಂದ ದೂರದುಡಿಮೆಯವರು. ಡಾಲರಿನಲ್ಲಿ ಸಂಬಳ, ಪೆಸೊದಲ್ಲಿ ಬಾಡಿಗೆ. ಮೆಕ್ಸಿಕೊ ನಗರದ ರೋಮಾ ಮತ್ತು ಕೊಂಡೆಸಾ ಬಡಾವಣೆಗಳಲ್ಲಿ ಬಾಡಿಗೆ ಏರಿ ಹಳಬರು ಮನೆ ಬಿಡುವಂತಾದಾಗ, 2025ರ ಜುಲೈನಲ್ಲಿ ಜನ ಬೀದಿಗಿಳಿದು ಪ್ರತಿಭಟಿಸಿದರು. ಆ ಸಿಟ್ಟು ನ್ಯಾಯವಾದದ್ದು; ಹೊರಗಿನ ಸಂಬಳ ನುಗ್ಗಿದ ಬೀದಿಯಲ್ಲಿ ಒಳಗಿನ ಸಂಬಳ ನಿಲ್ಲಲಾರದು.

ಬೇರೆ ಬಹುತೇಕ ದೇಶಗಳ ವಲಸಿಗರಿಗಿಲ್ಲದ ಒಂದು ಹೊರೆ ಅಮೆರಿಕನ್ನರ ಮೇಲಿದೆ. ಎಲ್ಲಿ ವಾಸಿಸಿದರೂ, ಎಲ್ಲಿ ದುಡಿದರೂ, ಪೌರನಾದವನು ವರ್ಷವರ್ಷವೂ ತವರಿಗೆ ಆದಾಯ ತೆರಿಗೆ ವಿವರ ಸಲ್ಲಿಸಬೇಕು. ಇಂಥ ನಿಯಮವಿರುವ ಇನ್ನೊಂದು ದೇಶವೆಂದು ಹೆಸರಿಸುವುದು ಎರಿಟ್ರಿಯಾವನ್ನು. ಮೆಕ್ಸಿಕೊ ನಗರದಲ್ಲಿದ್ದ ಕುಕ್ ಎಂಬ ಪೌರ, ಅಲ್ಲಿನ ಆಸ್ತಿಯ ಆದಾಯಕ್ಕೆ ವಿಧಿಸಿದ ತೆರಿಗೆಯನ್ನು ಪ್ರಶ್ನಿಸಿದಾಗ ಅಮೆರಿಕದ ಸುಪ್ರೀಂ ಕೋರ್ಟ್ 1924ರಲ್ಲಿ ಸರ್ಕಾರದ ಪರ ತೀರ್ಪಿತ್ತಿತು. ದುಡಿದ ಆದಾಯಕ್ಕೆ ವಿನಾಯಿತಿ ಮಿತಿ ಇದೆ (2024ರಲ್ಲಿ 1,26,500 ಡಾಲರ್), ಹೊರದೇಶದಲ್ಲಿ ಕಟ್ಟಿದ ತೆರಿಗೆಯನ್ನೂ ಕಳೆದುಕೊಳ್ಳಬಹುದು. ಆದ್ದರಿಂದ ಹೆಚ್ಚಿನವರು ಕಟ್ಟುವುದು ಏನೂ ಇರುವುದಿಲ್ಲ; ಕಾಗದಪತ್ರದ ಕಾಟ ಮಾತ್ರ ತಪ್ಪದು. ಹೊರದೇಶದ ಖಾತೆಗಳಲ್ಲಿ ಒಟ್ಟು 10,000 ಡಾಲರ್ ದಾಟಿದರೆ ಪ್ರತ್ಯೇಕ ವರದಿ ಕೊಡಬೇಕು. 2010ರ ಫಾಟ್ಕಾ ಕಾನೂನು ಜಗತ್ತಿನ ಬ್ಯಾಂಕುಗಳಿಗೂ ಈ ಕೆಲಸ ಹಚ್ಚಿತು. ಯುರೋಪಿನ ಹಲವು ಬ್ಯಾಂಕುಗಳು ಅಮೆರಿಕನ್ ಗ್ರಾಹಕರ ಖಾತೆಗಳನ್ನೇ ಮುಚ್ಚಿದವು. ಪೌರತ್ವ ತ್ಯಜಿಸುವ ಶುಲ್ಕ 2014ರಲ್ಲಿ 450 ಡಾಲರಿನಿಂದ 2,350ಕ್ಕೆ ಏರಿದರೂ 2020ರಲ್ಲಿ 6,000ಕ್ಕೂ ಹೆಚ್ಚು ಮಂದಿ ತ್ಯಜಿಸಿದರು. ನ್ಯೂಯಾರ್ಕ್‌ನಲ್ಲಿ ಹುಟ್ಟಿದ್ದರಿಂದಲೇ ಅಮೆರಿಕನ್ ಪೌರರಾಗಿದ್ದ ಬ್ರಿಟನ್ನಿನ ಬೋರಿಸ್ ಜಾನ್ಸನ್ 2016ರಲ್ಲಿ ಈ ನಂಟು ಕಡಿದುಕೊಂಡರು.

ಕರ್ನಾಟಕದಲ್ಲಿ ಇಂದು ಅಮೆರಿಕನ್ನರು ಎರಡು ಬಗೆಯಲ್ಲಿ ಕಾಣಸಿಗುತ್ತಾರೆ. 1970ರ ದಶಕದಿಂದ ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಮೈಸೂರಿಗೆ ಬರುತ್ತಿರುವವರು ಗೋಕುಲಂ ಬಡಾವಣೆಯಲ್ಲಿ ತಿಂಗಳುಗಟ್ಟಲೆ ಮನೆ ಹಿಡಿದು ಇರುತ್ತಾರೆ. ಇನ್ನೊಂದು ಬಗೆಯವರು ಮನೆಮಾತಾಗಿ ಕನ್ನಡವನ್ನೇ ಆಡುವವರು: ಅಲ್ಲಿ ಪೌರತ್ವ ಪಡೆದು, 2005ರಲ್ಲಿ ಬಂದ ಸಾಗರೋತ್ತರ ಪೌರತ್ವ ಕಾರ್ಡು ಹಿಡಿದು ಬೆಂಗಳೂರಿಗೆ ಮರಳಿದ ಕುಟುಂಬಗಳು. ಫಾಟ್ಕಾ ಕುರಿತು ಭಾರತ 2015ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ, ನಮ್ಮಲ್ಲಿ ಖಾತೆ ತೆರೆಯುವ ಎಲ್ಲರೂ ಅದರ ಘೋಷಣೆಗೆ ಸಹಿ ಮಾಡುತ್ತಾರೆ; ಈ ಕುಟುಂಬಗಳ ಹಣವನ್ನು ಹಲವು ಮ್ಯೂಚುವಲ್ ಫಂಡ್ ಸಂಸ್ಥೆಗಳು ತೆಗೆದುಕೊಳ್ಳುವುದೇ ಇಲ್ಲ. ಅವರ ಮಕ್ಕಳ ಸ್ಥಿತಿ ಇನ್ನೂ ಜಟಿಲ. ಅಮೆರಿಕದಲ್ಲಿ ಹುಟ್ಟಿ ಆರರ ವಯಸ್ಸಿಗೆ ಜಯನಗರಕ್ಕೆ ಬಂದು ಇಲ್ಲೇ ಬೆಳೆದ ಹುಡುಗಿ ದುಡಿಯತೊಡಗಿದಾಗ ಆ ದೇಶಕ್ಕೆ ತೆರಿಗೆ ವಿವರ ಕೊಡಬೇಕಾಗುತ್ತದೆ. ಆದರೆ ಅವಳು ಭಾರತೀಯನನ್ನು ಮದುವೆಯಾಗಿ ಇಲ್ಲಿ ಮಗು ಹೆತ್ತರೆ ಮಗುವಿಗೆ ಹುಟ್ಟಿನಿಂದ ಆ ಪೌರತ್ವ ಬರುವುದಿಲ್ಲ. ತಾಯಿ ಕನಿಷ್ಠ ಐದು ವರ್ಷ, ಅದರಲ್ಲಿ ಎರಡು ವರ್ಷ ಹದಿನಾಲ್ಕು ತುಂಬಿದ ಮೇಲೆ, ಅಮೆರಿಕದ ನೆಲದಲ್ಲಿ ಕಳೆದಿರಬೇಕೆಂಬುದು ಅಲ್ಲಿನ ಕಾನೂನು.