ಕಾರು ಸ್ಟಾರ್ಟ್ ಮಾಡಿದಾಗ ‘ಕೀಂಯ್’ ಎನ್ನುವುದೇಕೆ? ಬೆಲ್ಟಿಗೆ ಸೋಪು ಉಜ್ಜಿದರೆ ಸರಿಹೋಗುತ್ತದೆಯೇ?

ಮಳೆಗಾಲದ ಬೆಳಗ್ಗೆ, ರಾತ್ರಿಯಿಡೀ ಹೊರಗೆ ನಿಂತಿದ್ದ ಕಾರನ್ನು ಸ್ಟಾರ್ಟ್ ಮಾಡುತ್ತೀರಿ. ಪಕ್ಕದ ಮನೆಯವರು ಕಿಟಕಿಯಿಂದ ಇಣುಕುವಷ್ಟು ಜೋರಾಗಿ ‘ಕೀಂಯ್’ ಎಂಬ ಸದ್ದು ಬರುತ್ತದೆ. ಐದಾರು ಸೆಕೆಂಡಿನಲ್ಲಿ ತಾನೇ ನಿಂತೂ ಹೋಗುತ್ತದೆ. ಆಮೇಲೆ ಸಲಹೆಗಳಿಗೇನೂ ಬರವಿಲ್ಲ: ‘ಬೆಲ್ಟಿಗೆ ಸ್ವಲ್ಪ ಸೋಪು ಉಜ್ಜಿ’, ‘ಪೌಡರ್ ಹಾಕಿ’, ‘ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ’, ‘ಇಂಜಿನ್ ಬಿಸಿಯಾದರೆ ಹೋಗುತ್ತೆ, ತಲೆ ಕೆಡಿಸಿಕೊಳ್ಳಬೇಡಿ’.

ಇವುಗಳಲ್ಲಿ ಕೆಲವನ್ನು ಮಾಡಿದಾಗ ಸದ್ದು ನಿಜಕ್ಕೂ ನಿಲ್ಲುತ್ತದೆ. ತೊಂದರೆ ಇರುವುದೇ ಅಲ್ಲಿ. ಸದ್ದು ನಿಂತಿತೆಂದರೆ ದೋಷ ಹೋಯಿತು ಎಂದೇನೂ ಅಲ್ಲ.

ಸದ್ದು ಬರುವುದು ಎಲ್ಲಿಂದ?

ಹೆಚ್ಚಿನ ಸಂದರ್ಭಗಳಲ್ಲಿ ಈ ಸದ್ದು ಇಂಜಿನ್ನಿನ ಒಳಗಿನದಲ್ಲ, ಅದರ ಒಂದು ಬದಿಯಲ್ಲಿ ಸುತ್ತುವ ರಬ್ಬರ್ ಬೆಲ್ಟಿನದು. ಇಂದಿನ ಹೆಚ್ಚಿನ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ವಿದ್ಯುತ್ತಿನಿಂದ ತಿರುಗುತ್ತದೆ. ಆದರೂ ಗ್ಯಾರೇಜುಗಳಲ್ಲಿ ಇದನ್ನು ‘ಫ್ಯಾನ್ ಬೆಲ್ಟ್’ ಎಂದೇ ಕರೆಯುವುದು ರೂಢಿ. ಇಂಜಿನ್ ತಿರುಗುವ ಶಕ್ತಿಯಲ್ಲಿ ಒಂದಿಷ್ಟನ್ನು ಈ ಬೆಲ್ಟ್ ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್ ಮತ್ತು ಹಲವು ಕಾರುಗಳಲ್ಲಿ ನೀರಿನ ಪಂಪಿಗೆ ತಲುಪಿಸುತ್ತದೆ. ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇದ್ದರೆ ಅದರ ಪಂಪಿಗೂ ಇದೇ ಆಧಾರ.

ಬೆಲ್ಟ್ ಪುಲ್ಲಿಯನ್ನು ಬಿಗಿಯಾಗಿ ಹಿಡಿದಿರುವವರೆಗೂ ಸದ್ದಿಲ್ಲ. ಹಿಡಿತ ಸಾಲದಾದಾಗ ಅದು ಒಂದು ಕ್ಷಣ ಅಂಟಿ, ಮರುಕ್ಷಣ ಜಾರಿ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ನೂರಾರು ಬಾರಿ ಹೀಗಾದಾಗ ಬೆಲ್ಟ್ ಕಂಪಿಸಿ ಕಿರುಚುತ್ತದೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಕೀರಲು ದನಿ ಹೊರಡಿಸುವುದೂ ಹೀಗೆಯೇ.

ಸ್ಟಾರ್ಟ್ ಮಾಡಿದಾಗಲೇ ಏಕೆ?

ಇಂಜಿನ್ ಸ್ಟಾರ್ಟ್ ಮಾಡಲು ಸಣ್ಣ ಕಾರಿನ ಬ್ಯಾಟರಿಯೂ ಕೆಲ ಕ್ಷಣ ನೂರಕ್ಕೂ ಹೆಚ್ಚು ಆಂಪಿಯರ್ ವಿದ್ಯುತ್ ಕೊಡಬೇಕಾಗುತ್ತದೆ. ಇಂಜಿನ್ ಹತ್ತಿಕೊಂಡ ಕೂಡಲೇ ಆ ನಷ್ಟ ತುಂಬಿಕೊಡುವ ಕೆಲಸ ಆಲ್ಟರ್ನೇಟರಿನದು. ಹೆಚ್ಚು ವಿದ್ಯುತ್ ತಯಾರಿಸುವಾಗ ಅದನ್ನು ತಿರುಗಿಸುವುದು ಕಷ್ಟವಾಗುತ್ತದೆ. ಅದರ ಪುಲ್ಲಿ ಚಿಕ್ಕದಾದ್ದರಿಂದ ಬೆಲ್ಟಿಗೆ ಹಿಡಿಯಲು ಸಿಗುವ ಜಾಗವೂ ಕಡಿಮೆ. ಜೊತೆಗೆ ರಾತ್ರಿಯ ಚಳಿಗೆ ರಬ್ಬರ್ ಗಡುಸಾಗಿರುತ್ತದೆ, ಮೇಲೆ ತೇವವೂ ಇರಬಹುದು. ಸಡಿಲವಾದ ಅಥವಾ ಸವೆದ ಬೆಲ್ಟ್ ಜಾರುವುದು ಇಂಥ ಹೊತ್ತಿನಲ್ಲೇ. ಬ್ಯಾಟರಿ ತುಂಬುತ್ತ ಬಂದಂತೆ, ಬೆಲ್ಟ್ ಬಿಸಿಯಾಗಿ ಒಣಗಿದಂತೆ ಸದ್ದು ಅಡಗುತ್ತದೆ.

ಹೀಗಾಗಿ ಕಿರುಚುವುದು ಬೆಲ್ಟ್ ಆದರೂ ಮೂಲ ಕಾರಣ ದುರ್ಬಲ ಬ್ಯಾಟರಿಯೂ ಆಗಿರಬಹುದು. ಬೆಲ್ಟ್ ಬದಲಿಸುವ ಮುನ್ನ ಬ್ಯಾಟರಿ ಪರೀಕ್ಷಿಸಿ. ಇಂಜಿನ್ ನಿಂತು ಕೆಲವು ಗಂಟೆಗಳಾದ ಮೇಲೆ ಪೂರ್ಣ ಚಾರ್ಜ್ ಇರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಇಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಬರಬೇಕು.

ಸದ್ದಿನ ಸಮಯವೇ ಸುಳಿವು

- ಸ್ಟಾರ್ಟರ್ ತಿರುಗುತ್ತಿರುವಾಗ ಮಾತ್ರ ಲೋಹ ಉಜ್ಜಿದಂತೆ ‘ಗರ್‌ರ್’ ಎಂದರೆ ಬೆಲ್ಟಿಗಿಂತ ಸ್ಟಾರ್ಟರ್ ಮೋಟಾರ್ ಮೇಲೆ ಅನುಮಾನ ಹೆಚ್ಚು.
- ಇಂಜಿನ್ ಹತ್ತಿಕೊಂಡ ಮೇಲೆ ಎಳೆದಂತೆ ‘ಕೀಂಯ್’ ಎಂದು, ಆಕ್ಸಿಲರೇಟರ್ ಒತ್ತಿದಾಗ ಜೋರಾದರೆ ಬೆಲ್ಟ್ ಜಾರುತ್ತಿದೆ. ಹೆಡ್‌ಲೈಟ್ ಅಥವಾ ಎ.ಸಿ. ಹಾಕಿದಾಗ ಹೆಚ್ಚಾದರೆ ಈ ಊಹೆಗೆ ಬಲ ಬರುತ್ತದೆ.
- ಹೈಡ್ರಾಲಿಕ್ ಸ್ಟೀರಿಂಗ್ ಇರುವ ಕಾರಿನಲ್ಲಿ ಚಕ್ರವನ್ನು ಪೂರ್ತಿ ತಿರುಗಿಸಿದಾಗ ಮಾತ್ರ ಕಿರುಚಿದರೆ ಆ ಪಂಪಿನ ಭಾರಕ್ಕೆ ಬೆಲ್ಟ್ ಜಾರುತ್ತಿರಬಹುದು.
- ಹಕ್ಕಿಯಂತೆ ‘ಚಿಕ್ ಚಿಕ್’ ಎಂದು ಒಂದೇ ಲಯದಲ್ಲಿ ಬಂದರೆ ಪುಲ್ಲಿಗಳು ಒಂದೇ ನೇರದಲ್ಲಿ ಇಲ್ಲದಿರುವ ಸಾಧ್ಯತೆ ಹೆಚ್ಚು.
- ಇಂಜಿನ್ ಬಿಸಿಯಾದ ಮೇಲೂ ಗೊರಗೊರ ಸದ್ದು ಮುಂದುವರಿದರೆ ಯಾವುದೋ ಬೇರಿಂಗ್ ಸವೆದಿರಬಹುದು.
- ಕಾರು ಚಲಿಸಲು ಶುರುವಾದ ಮೇಲಷ್ಟೇ ಕೇಳಿಸುವ ಸದ್ದೇ ಬೇರೆ. ಮಳೆಯಲ್ಲಿ ನಿಂತ ಕಾರಿನ ಬ್ರೇಕ್ ಡಿಸ್ಕಿಗೆ ತೆಳುವಾಗಿ ತುಕ್ಕು ಹಿಡಿಯುತ್ತದೆ. ಕೆಲವು ಸಲ ಬ್ರೇಕ್ ಹಿಡಿದರೆ ಆ ತುಕ್ಕೂ ಸದ್ದೂ ಹೋಗುತ್ತವೆ.

ಸೋಪು, ಪೌಡರ್, ಎಣ್ಣೆಗಳ ಕಥೆ

ಮೆಕ್ಯಾನಿಕ್‌ಗಳು ನೀರನ್ನು ಬಳಸುವುದುಂಟು. ಆದರೆ ಅದು ಪರೀಕ್ಷೆಗೆ, ಚಿಕಿತ್ಸೆಗಲ್ಲ. ಇಂಜಿನ್ ನಿಧಾನವಾಗಿ ಓಡುವಾಗ ಬೆಲ್ಟಿನ ಗೀರುಗಳಿರುವ ಬದಿಗೆ ಸ್ವಲ್ಪ ನೀರು ಚಿಮುಕಿಸುತ್ತಾರೆ. ಸದ್ದು ಇನ್ನಷ್ಟು ಜೋರಾದರೆ ಬಿಗಿ ಸಾಲದು ಎಂದರ್ಥ. ಥಟ್ಟನೆ ನಿಂತು, ಒಣಗಿದ ಮೇಲೆ ಮರಳಿದರೆ ಪುಲ್ಲಿಗಳ ನೇರ ತಪ್ಪಿರುವ ಸೂಚನೆ. ಇದನ್ನು ತಿಳಿದವರಿಗೇ ಬಿಡಿ. ಓಡುವ ಬೆಲ್ಟಿನ ಬಳಿ ಕೈ, ಜಡೆ, ದುಪಟ್ಟಾ, ಸೀರೆಯ ಸೆರಗು ಹೋಗಲೇಬಾರದು.

ಸೋಪು ಅಥವಾ ಪೌಡರ್ ಹಾಕಿದರೆ ಉಜ್ಜಾಟದ ರೀತಿ ತುಸು ಹೊತ್ತು ಬದಲಾಗಿ ಸದ್ದು ಅಡಗಬಹುದು. ಆದರೆ ಸಡಿಲವಾದ ಬೆಲ್ಟ್ ಬಿಗಿಯಾಗುವುದಿಲ್ಲ. ಅದು ಸದ್ದಿಲ್ಲದೆ ಜಾರುತ್ತ ಸವೆಯುತ್ತಿರುತ್ತದೆ. ಎಣ್ಣೆಯಂತೂ ಹಿಡಿತವನ್ನು ಇನ್ನೂ ತಗ್ಗಿಸುತ್ತದೆ, ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸಲೂಬಹುದು. ಇಂಜಿನ್ ಆಯಿಲ್ ಅಥವಾ ಕೂಲೆಂಟ್ ಸೋರಿ ಬೆಲ್ಟಿನ ಮೇಲೆ ಬೀಳುತ್ತಿದ್ದರೆ ಮೊದಲು ಆ ಸೋರಿಕೆ ನಿಲ್ಲಿಸಬೇಕು. ಇಲ್ಲವಾದರೆ ಹೊಸ ಬೆಲ್ಟಿಗೂ ಅದೇ ಗತಿ.

ಬಿರುಕಿಲ್ಲದಿದ್ದರೆ ಬೆಲ್ಟ್ ಚೆನ್ನಾಗಿದೆಯೇ?

ಇದು ಹಳೆಯ ಕಾಲಕ್ಕೆ ಸರಿಯಾಗಿದ್ದ ನಂಬಿಕೆ. ಹಿಂದಿನ ನಿಯೋಪ್ರಿನ್ ಬೆಲ್ಟುಗಳು ಹಳತಾದಂತೆ ಬಿರುಕು ಬಿಡುತ್ತಿದ್ದವು. ಈಗಿನ ಬೆಲ್ಟುಗಳಲ್ಲಿ ಹೆಚ್ಚಾಗಿ ಬಳಸುವ ಇ.ಪಿ.ಡಿ.ಎಂ. ಎಂಬ ರಬ್ಬರ್ ಅಷ್ಟು ಸುಲಭವಾಗಿ ಬಿರುಕು ಬಿಡುವುದಿಲ್ಲ. ಟೈರಿನಂತೆ ಮೆಲ್ಲಗೆ ಸವೆಯುತ್ತದೆ. ಗೀರುಗಳು ಅಗಲವಾಗಿ ಬೆಲ್ಟ್ ಪುಲ್ಲಿಯೊಳಗೆ ಆಳಕ್ಕೆ ಕೂರುತ್ತದೆ, ಹಿಡಿತ ತಪ್ಪುತ್ತದೆ. ಕಣ್ಣಿಗೆ ಹೊಸದರಂತೆ ಕಂಡರೂ ಅದರ ಆಯುಸ್ಸು ಮುಗಿದಿರಬಹುದು. ಗೀರಿನ ಆಳ ನೋಡಲು ಮೆಕ್ಯಾನಿಕ್‌ಗಳ ಬಳಿ ಪುಟ್ಟ ಅಳತೆಪಟ್ಟಿ ಇರುತ್ತದೆ.

ಹೊಸ ಬೆಲ್ಟ್ ಹಾಕಿದ ಕೆಲವೇ ದಿನಗಳಲ್ಲಿ ಸದ್ದು ಮರಳಿದರೆ ಬೆಲ್ಟನ್ನೇ ದೂರಬೇಡಿ. ಅದನ್ನು ಬಿಗಿಹಿಡಿಯುವ ಟೆನ್ಷನರಿನ ಸ್ಪ್ರಿಂಗ್ ಸೋತಿರಬಹುದು. ಟೆನ್ಷನರ್ ಇಲ್ಲದ ಕಾರುಗಳಲ್ಲಿ ಕೈಯಿಂದ ಬಿಗಿಮಾಡುವಾಗ ಅಳತೆ ತಪ್ಪಿರಬಹುದು. ಹೆಚ್ಚು ಬಿಗಿಯಾದರೂ ಕಷ್ಟ, ಬೇರಿಂಗುಗಳು ಬೇಗ ಸವೆಯುತ್ತವೆ.

ಅಲಕ್ಷಿಸಿದರೆ ಏನಾಗುತ್ತದೆ?

ತೇವದ ಬೆಳಗ್ಗೆ ಎಂದೋ ಒಮ್ಮೆ ಒಂದೆರಡು ಸೆಕೆಂಡ್ ಕಿರುಚಿದರೆ ಗಾಬರಿ ಬೇಡ. ದಿನವೂ ಬಂದರೆ, ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ಬಂದರೆ ತಡಮಾಡಬೇಡಿ. ಜಾರುವ ಬೆಲ್ಟಿನಿಂದ ಬ್ಯಾಟರಿ ಸರಿಯಾಗಿ ತುಂಬುವುದಿಲ್ಲ. ಬೆಲ್ಟ್ ತುಂಡಾದರೆ ಚಾರ್ಜಿಂಗ್ ನಿಲ್ಲುತ್ತದೆ, ಹೈಡ್ರಾಲಿಕ್ ಸ್ಟೀರಿಂಗ್ ಏಕಾಏಕಿ ಭಾರವಾಗುತ್ತದೆ. ನೀರಿನ ಪಂಪೂ ಇದೇ ಬೆಲ್ಟಿನಿಂದ ಓಡುವುದಾದರೆ ಕೆಲವೇ ನಿಮಿಷಗಳಲ್ಲಿ ಇಂಜಿನ್ ಅತಿಯಾಗಿ ಕಾಯುತ್ತದೆ. ಘಾಟಿಯ ತಿರುವಿನಲ್ಲಿ ಹೀಗಾದರೆ ಅದು ಬರೀ ರಿಪೇರಿ ಖರ್ಚಿನ ಮಾತಾಗಿ ಉಳಿಯುವುದಿಲ್ಲ. ಓಡಿಸುವಾಗ ಬ್ಯಾಟರಿಯ ಕೆಂಪು ದೀಪ ಹತ್ತಿದರೆ ಅಥವಾ ತಾಪಮಾನದ ಮುಳ್ಳು ಮೇಲೇರಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ.

ಮೆಕ್ಯಾನಿಕ್‌ಗೆ ಹೇಗೆ ಹೇಳುವುದು?

ಕಾರು ಗ್ಯಾರೇಜ್ ತಲುಪುವಷ್ಟರಲ್ಲಿ ಇಂಜಿನ್ ಬಿಸಿಯಾಗಿ ಸದ್ದು ಮಾಯವಾಗಿರುತ್ತದೆ. ‘ಏನೋ ಸದ್ದು ಬರುತ್ತೆ’ ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಊಹಿಸಿ ಬಿಡಿಭಾಗ ಬದಲಿಸಬೇಕಾಗುತ್ತದೆ. ಬದಲಿಗೆ ಬೆಳಗಿನ ಮೊದಲ ಸ್ಟಾರ್ಟನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಎಷ್ಟು ಸೆಕೆಂಡ್ ಬಂತು, ಮಳೆ ಇತ್ತೇ, ಲೈಟ್ ಅಥವಾ ಎ.ಸಿ. ಹಾಕಿದಾಗ ಬದಲಾಯಿತೇ, ಬ್ಯಾಟರಿ ಎಷ್ಟು ಹಳೆಯದು ಎಂಬುದನ್ನೂ ತಿಳಿಸಿ. ಸಾಧ್ಯವಾದರೆ ಕಾರನ್ನು ರಾತ್ರಿ ಗ್ಯಾರೇಜಿನಲ್ಲೇ ಬಿಟ್ಟು ಬನ್ನಿ. ಮರುದಿನ ಬೆಳಗ್ಗೆ ಮೆಕ್ಯಾನಿಕ್ ಆ ಸದ್ದನ್ನು ತಾವೇ ಕೇಳಿಸಿಕೊಳ್ಳಬಹುದು.