ಶೈಕ್ಷಣಿಕ ದೂರದರ್ಶನ ಮತ್ತು ಆರಂಭಿಕ ಕಂಪ್ಯೂಟರ್ (ಕರ್ನಾಟಕ)

ಕರ್ನಾಟಕದ ಮಕ್ಕಳಿಗೆ ಟಿ.ವಿ. ಪಾಠ ಕಂಪ್ಯೂಟರಿಗಿಂತ ಮೊದಲೇ ಬಂತು. ಅದೂ ರಾಜಧಾನಿಗಿಂತ ಮುಂಚೆ ಹಳ್ಳಿಗೆ. ಇಸ್ರೋ ಮತ್ತು ನಾಸಾ ಕೂಡಿ ನಡೆಸಿದ ‘ಸೈಟ್’ ಪ್ರಯೋಗ 1975ರ ಆಗಸ್ಟ್ 1ರಂದು ಶುರುವಾಗಿ ಸರಿಯಾಗಿ ಒಂದು ವರ್ಷ ನಡೆಯಿತು. ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪ್ರಸಾರವಿತ್ತು. ಕೋಳಿಗೂಡಿಗೆ ಬಳಸುವ ಜಾಲರಿಯಿಂದ ಮಾಡಿದ, ಮೂರು ಮೀಟರ್ ಅಗಲದ ಆಂಟೆನಾ ಅದನ್ನು ಹಿಡಿಯುತ್ತಿತ್ತು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದ ಪಾಲು 22 ನಿಮಿಷ ಮೂವತ್ತು ಸೆಕೆಂಡು; ಸಂಜೆಯ ಕಾರ್ಯಕ್ರಮ ದೊಡ್ಡವರಿಗೆ. ಬೆಂಗಳೂರು ದೂರದರ್ಶನ ಆರಂಭವಾದದ್ದು 1981ರಲ್ಲಿ.

ಕರ್ನಾಟಕದಲ್ಲಿ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಬಳ್ಳಾರಿ ಪಟ್ಟಿಯಲ್ಲಿರಲಿಲ್ಲ. ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹಗರಿಬೊಮ್ಮನಹಳ್ಳಿಯ ಎದುರು, ತುಂಗಭದ್ರೆಯ ಹಿನ್ನೀರಿನಾಚೆಯ ಕೊಪ್ಪಳ ಆಗ ರಾಯಚೂರು ಜಿಲ್ಲೆಯದ್ದು. ಅಂದರೆ ಈ ಪ್ರಯೋಗದ ಎಲ್ಲೆ ಹೊಳೆಯ ಆ ದಡಕ್ಕೇ ನಿಂತಿತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಈಚೆ ದಡದಲ್ಲೇ ಉಳಿದವು.

ಕಂಪ್ಯೂಟರನ್ನೇ ಟಿ.ವಿ.ಯಲ್ಲಿ ಕಲಿಸಿದ ಹೆಸರಾಂತ ಕಾರ್ಯಕ್ರಮ ಬಿಬಿಸಿಯ ‘ದಿ ಕಂಪ್ಯೂಟರ್ ಪ್ರೋಗ್ರಾಂ’, 1982ರದ್ದು. ಅದು ದೊಡ್ಡವರಿಗೆಂದೇ ಮಾಡಿದ್ದು. ಆದರೆ ಅದರ ಜೊತೆಗೆ ಏಕಾರ್ನ್ ಕಂಪನಿ ತಯಾರಿಸಿದ ‘ಬಿಬಿಸಿ ಮೈಕ್ರೊ’ ಬ್ರಿಟನ್ನಿನ ಹೆಚ್ಚಿನ ಶಾಲೆಗಳನ್ನು ತುಂಬಿತು. ಮನೆಯ ಟಿ.ವಿ.ಗೇ ಜೋಡಿಸಬಹುದಾದ ಯಂತ್ರ. ಪಾಠ ಹೇಳುವುದೂ, ಅದನ್ನು ಮಾಡಿ ನೋಡುವುದೂ ಒಂದೇ ಪರದೆಯಲ್ಲಿ. ಅದರ ‘ಬಿ’ ಮಾದರಿಯ ನೆನಪಿನ ಸಾಮರ್ಥ್ಯ 32 ಕಿಲೋಬೈಟ್, ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗೂ ಸಾಲದಷ್ಟು.

ಇದೇ ಯಂತ್ರ ಭಾರತಕ್ಕೂ ಬಂತು. ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆ 1984-85ರಲ್ಲಿ ಸುಮಾರು 250 ಶಾಲೆಗಳಲ್ಲಿ ಅದನ್ನಿಟ್ಟು ಪ್ರಾರಂಭವಾಯಿತು. ಯಂತ್ರ ಬಂದರೂ ಅದರ ಬೆನ್ನಿಗಿದ್ದ ಟಿ.ವಿ. ಪಾಠ ಕನ್ನಡಕ್ಕೆ ಬರಲಿಲ್ಲ. 1984ರ ಆಗಸ್ಟ್‌ನಲ್ಲಿ ಯುಜಿಸಿ ಆರಂಭಿಸಿದ ‘ಕಂಟ್ರಿವೈಡ್ ಕ್ಲಾಸ್‌ರೂಮ್’ ಕಾಲೇಜಿನವರಿಗಾಗಿ ಇದ್ದದ್ದು, ಅದೂ ಇಂಗ್ಲಿಷಿನಲ್ಲಿ. ಸರ್ಕಾರಿ ಪ್ರೌಢಶಾಲೆಗಳಿಗೆ ದೊಡ್ಡ ಪ್ರಮಾಣದಲ್ಲಿ ಕಂಪ್ಯೂಟರ್ ತಂದ ರಾಜ್ಯದ ‘ಮಾಹಿತಿ ಸಿಂಧು’ ಯೋಜನೆಗೆ ಹೊಸ ಶತಮಾನವೇ ಬರಬೇಕಾಯಿತು.

ಕರ್ನಾಟಕದ ಶಾಲೆಗಳಿಗೆ ಉಪಗ್ರಹ ಪಾಠ ಮತ್ತೆ ಬಂದದ್ದು 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್‌ನೊಂದಿಗೆ. ಪ್ರಾಥಮಿಕ ಶಾಲೆಗಳ ಪ್ರಯೋಗಕ್ಕೆ ಆಗ ಆಯ್ಕೆಯಾದದ್ದು ಚಾಮರಾಜನಗರ ಜಿಲ್ಲೆ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಪ್ರೌಢಶಾಲೆಯ ಪಾಠಗಳು ‘ಚಂದನ’ ವಾಹಿನಿಯಲ್ಲಿ ಬಂದವು. ಈ ಸಲ ಜಿಲ್ಲೆಗಳ ಪಟ್ಟಿ ಇರಲಿಲ್ಲ. ಟಿ.ವಿ. ಇದ್ದ ಮನೆಯಾದರೆ ಈಚೆ ದಡದ ಕೊಟ್ಟೂರಿಗೂ ಬೆಂಗಳೂರಿಗೂ ಒಂದೇ ಹೊತ್ತಿಗೆ ಒಂದೇ ಪಾಠ.