ಮನೆ ತುಂಬ ಬಂಗಾರ

ಅಂಕೋಲೆಯ ಬಸ್ ನಿಲ್ದಾಣದಲ್ಲಿ ಕಾರವಾರದ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಹೆಂಗಸು ಫೋನಿನಲ್ಲಿ ಗೊಣಗುತ್ತಿದ್ದಳು: "ಮನೆ ತುಂಬ ಬಂಗಾರ ಬಿದ್ಕಂಡದೆ ಮಾರಾಯ್ತಿ. ತಕಂಡ್ ಹೋಗುಕೆ ಒಬ್ರೂ ಬರುದಿಲ್ಲ. ನಡೆದ್ರೆ ಕಾಲಿಗೆ ತಾಗ್ತದೆ." ಪಕ್ಕದಲ್ಲಿದ್ದ ಹಿರಿಯರು, ಮಾತಿನ ವರಸೆಯಿಂದ ಮೈಸೂರು ಕಡೆಯವರು, ತಟ್ಟನೆ ತಿರುಗಿ ಅವಳ ಕೊರಳು ನೋಡಿದರು. ಒಂದೆಳೆ ಕರಿಮಣಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

ಅವಳು ಹೇಳುತ್ತಿದ್ದದ್ದು ತೂತುಬಿದ್ದ ಬಕೆಟ್ಟು, ರೆಕ್ಕೆ ಮುರಿದ ಫ್ಯಾನು, ತುಕ್ಕು ಹಿಡಿದ ತಗಡಿನ ಸುದ್ದಿ. ಬೆಂಗಳೂರಿನವರ ಗುಜರಿ ಕಾರವಾರ, ಅಂಕೋಲೆಯಲ್ಲಿ ಭಂಗಾರ. ಮರಾಠಿಯ ಮಾಲು. 1862ರಿಂದ 1956ರವರೆಗೆ ಉತ್ತರ ಕನ್ನಡ ಮುಂಬಯಿ ಆಡಳಿತದಲ್ಲೇ ಇತ್ತು. ಕೆಲಸ ಹುಡುಕಿ ಮುಂಬಯಿಗೆ ಹೋದವರ ಟ್ರಂಕಿನಲ್ಲಿ ಈ ಪದವೂ ಊರಿಗೆ ಬಂದಿರಬೇಕೆಂದು ನನ್ನ ಅಂದಾಜು. ಬರುವಾಗ ಭ ಇತ್ತು. ಈಗ ಆ ಉಸಿರು ಹೋಗಿದೆ. ಮಹಾಪ್ರಾಣವನ್ನು ಉಚ್ಚರಿಸಲು ನಮ್ಮವರಿಗೆ ಅದೇನು ಸೋಮಾರಿತನವೋ, ಭಾವ ಬಾವನಾದ, ಭಟ್ಟರು ಬಟ್ಟರಾದರು, ತುಕ್ಕು ಚಿನ್ನವಾಯಿತು.

ಕೊಂಕಣಿಯವರನ್ನು ಕೇಳಿದರೆ ಗೋಜಲು ಇನ್ನೂ ಹೆಚ್ಚುತ್ತದೆ. ಅವರಿಗೆ ಭಾಂಗಾರ ಅಂದರೆ ಚಿನ್ನವೇ. ಗೋವೆಯ ಕೊಂಕಣಿ ದಿನಪತ್ರಿಕೆಯೊಂದರ ಹೆಸರು 'ಭಾಂಗರಭೂಂಯ್', ಚಿನ್ನದ ನೆಲ. ಮರಾಠಿ ಕಿವಿಗೆ ಅದು ಗುಜರಿ ಮೈದಾನದಂತೆ ಕೇಳಿಸಿದರೆ ಕಿವಿಯದೇನು ತಪ್ಪು? ಮೂರು ಭಾಷೆ ಕೂಡುವ ಕಾರವಾರದ ಒಂದೇ ಬೀದಿಯಲ್ಲಿ ಶೇಟರ ಚಿನ್ನದ ಅಂಗಡಿಗೂ ಹಳೇ ಕಬ್ಬಿಣದ ಅಂಗಡಿಗೂ ನಡುವೆ ಇರುವುದು ಒಂದು ಉಸಿರು, ಒಂದು ದೀರ್ಘ. ಎರಡೂ ಕಡೆ ತಕ್ಕಡಿ ಇದೆ ಎನ್ನುವುದನ್ನೂ ಗಮನಿಸಿ.

ನಿಘಂಟು ತೆರೆದು ಸಂಸ್ಕೃತದ ಮೂಲ ಹೇಳುವವರು ಹೇಳಲಿ. ನನ್ನದು ಬೇರೆ ತಕರಾರು. "ಬಂಗಾರದ ಕತ್ತಿ ಎಂದು ಕುತ್ತಿಗೆ ಕೊಯ್ದುಕೊಳ್ಳುತ್ತಾರೆಯೇ?" ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಬಂಗಾರದ ಕತ್ತಿಯನ್ನು ಕಂಡವರು ಯಾರು? ಚಿನ್ನ ಮೆತ್ತಗಿನ ಲೋಹ, ತೆಂಗಿನಕಾಯಿಗೆ ಒಂದೇಟು ಹಾಕಿದರೆ ಬಾಗುತ್ತದೆ. ನಮ್ಮ ಕಡೆ ಕತ್ತಿ ಎಂದರೆ ಬೇಲಿ ಸವರುವ, ಕಾಯಿ ಒಡೆಯುವ, ಗದ್ದೆಗೆ ಹೊರಟವರ ಸೊಂಟದಲ್ಲಿ ತೂಗುವ ಕಬ್ಬಿಣ. ಹಳತಾದದ್ದೊಂದು ಪ್ರತಿ ಮನೆಯ ಬಚ್ಚಲ ಹಿಂದೆ ತುಕ್ಕು ತಿನ್ನುತ್ತಾ ಬಿದ್ದಿರುತ್ತದೆ. ಕಳೆದ ಉಸಿರನ್ನು ಮರಳಿ ಕೊಡಿ: ಭಂಗಾರದ ಕತ್ತಿ ಎಂದು ಕುತ್ತಿಗೆ ಕೊಡುತ್ತಾರೆಯೇ? ತುಕ್ಕು ಹಿಡಿದದ್ದೆಂದು ಸಲಿಗೆ ಬೇಡ, ಕೊಯ್ಯುವುದನ್ನು ಅದು ಮರೆತಿಲ್ಲ ಎಂದರ್ಥ. ಗಾದೆ ಹುಟ್ಟಿದ್ದು ಹೀಗೆ, ಘಟ್ಟ ಹತ್ತುವಾಗ ಏದುಸಿರಿನಲ್ಲಿ ಭ ಉದುರಿಹೋಯಿತು ಎನ್ನುವುದು ನನ್ನ ವಾದ. ಮರಾಠಿಯ ಗಾಳಿ ಸೋಕದ ಊರುಗಳಲ್ಲೂ 'ಚಿನ್ನದ ಕತ್ತಿ' ಎಂದೇ ಇದೆಯಲ್ಲ ಅಂದರೆ, ಅದು ಯಾರೋ ಪಂಡಿತರು ಆಮೇಲೆ ತಿದ್ದಿದ್ದು. ಆಧಾರ ಕೇಳಬೇಡಿ. ಕೇಳಿದರೆ ಎಡಗೈಯ ಹೆಬ್ಬೆರಳು ತೋರಿಸುತ್ತೇನೆ.

ನನಗಾಗ ಎಂಟು ವರ್ಷ. ಭಂಗಾರದವನು ಸೈಕಲ್ ನಿಲ್ಲಿಸಿ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಅಜ್ಜಿ ಬಚ್ಚಲ ಹಿಂದಿನ ಕತ್ತಿ ತರಲು ಹೇಳಿದಳು. ಅದು ಮೊಂಡು ಎಂದು ಅವನಿಗೆ ತೋರಿಸುವ ಹುರುಪಿನಲ್ಲಿ ಅಲಗಿನ ಮೇಲೆ ಹೆಬ್ಬೆರಳು ಎಳೆದೆ. ಅಜ್ಜಿ ಗಾಯಕ್ಕೆ ಅರಿಶಿನ ಒತ್ತಿದಳು, ಕತ್ತಿಯನ್ನು ಅವನ ಕೈಯಿಂದ ಕಿತ್ತುಕೊಂಡಳು. "ಇದ್ಕೆ ಇನ್ನೂ ಜೀವ ಅದೆ. ಕೊಡುದಿಲ್ಲ." ಅಂದಿನಿಂದ ಅದರ ಕೆಲಸ ಅಬ್ಬಲಿಗೆಯ ಬುಡ ಸಡಿಲಿಸುವುದು. ಅಬ್ಬಲಿಗೆ ಇದ್ದದ್ದು ತಳ ಒಡೆದ ಕೊಡಪಾನದಲ್ಲಿ, ದಾಸವಾಳದ ಟೊಂಗೆ ಪೇಂಟಿನ ಡಬ್ಬಿಯಲ್ಲಿ, ಅದಕ್ಕೆ ಹೊಯ್ಯುತ್ತಿದ್ದದ್ದು ಮೀನು ತೊಳೆದ ನೀರು. ಈಗ ಇದನ್ನೇ ರೀಸೈಕ್ಲಿಂಗ್ ಎಂದು ಶಾಲೆಯಲ್ಲಿ ಪ್ರಾಜೆಕ್ಟ್ ಮಾಡಿಸುತ್ತಾರೆ, ಅದಕ್ಕೆಂದೇ ಹೊಸ ಬಾಟಲಿ ಕೊಂಡು ಕತ್ತರಿಸುತ್ತಾರೆ.

ಪುಸ್ತಕದ ಮಾತೂ ಬರಲಿ. ಅಜ್ಜಿಯ ಟ್ರಂಕಿನ ತಳಕ್ಕೆ ಹಾಸಿದ್ದು ದಿನಕರ ದೇಸಾಯರ 'ಜನಸೇವಕ' ವಾರಪತ್ರಿಕೆ. ಸೀರೆ ತೆಗೆಯುವಾಗಲೆಲ್ಲ ನನಗೊಂದು ಚುಟುಕ ಸಿಗುತ್ತಿತ್ತು. ಅಂಬಾರಕೊಡ್ಲದಂಥ ಹಳ್ಳಿಯಿಂದ ವಿಷ್ಣು ನಾಯ್ಕರು ರಾಘವೇಂದ್ರ ಪ್ರಕಾಶನ ನಡೆಸಿ ಪುಸ್ತಕ ತಂದ ತಾಲೂಕಿದು. ಮನೆ ಖಾಲಿ ಮಾಡುವಾಗ ನಾನು ಪುಸ್ತಕದ ಎರಡು ಕಟ್ಟು ತೋರಿಸಿ "ಇದೂ ಭಂಗಾರಕ್ಕೆ ಸೇರಿಸು" ಅಂದೆ. ಭಂಗಾರದವನು ತಲೆಯಾಡಿಸಿದ: "ಇದು ಭಂಗಾರ ಅಲ್ಲ ಸಾಹೇಬ್ರೆ, ರದ್ದಿ. ರೇಟು ಕಮ್ಮಿ." ನಮ್ಮ ವಿಮರ್ಶಕರಿಗೂ ಇಷ್ಟು ಸ್ಪಷ್ಟತೆ ಇಲ್ಲ.

ಕಸದ ಗಾಡಿ ಧ್ವನಿವರ್ಧಕದಲ್ಲಿ ಹಸಿ ಕಸ, ಒಣ ಕಸ ಎಂದು ಹಾಡುತ್ತಾ ಬರುತ್ತದೆ, ಒಳ್ಳೆಯದೇ. ಆದರೆ ಭಂಗಾರ ಕಸವಲ್ಲ. ಕಸವನ್ನು ಎಸೆಯುತ್ತಾರೆ, ಭಂಗಾರವನ್ನು ತೂಗುತ್ತಾರೆ. ಇಂದಿನ ಹುಡುಗರು ಎರಡನ್ನೂ 'ವೇಸ್ಟ್' ಅನ್ನುತ್ತಾರೆ. ಅಕ್ಕಸಾಲಿಗರ ಅಂಗಡಿಯ ಧೂಳು ತೊಳೆದು ಚಿನ್ನದ ಕಣ ಆಯುವವನಿಗೆ ಕನ್ನಡದಲ್ಲಿ ಜಲಗಾರ ಎಂಬ ಹೆಸರಿತ್ತು. ಕುವೆಂಪು 1928ರಲ್ಲಿ ಬೀದಿ ಗುಡಿಸುವವನ ಮೇಲೆ ಬರೆದ ನಾಟಕಕ್ಕೂ ಅದೇ ಹೆಸರು. ಗುಡಿಸುವವನನ್ನೂ ಚಿನ್ನ ಆಯುವವನನ್ನೂ ಒಂದೇ ಪದದಲ್ಲಿ ಕರೆದ ಭಾಷೆಗೆ 'ವೇಸ್ಟ್' ಯಾಕೆ ಬೇಕಾಯಿತೋ. ಅಷ್ಟೇಕೆ, 2010ರಲ್ಲಿ ಬೇಲೆಕೇರಿ ಬಂದರಿನಿಂದ ಜಪ್ತಿಯಾದ ಅದಿರು ಮಾಯವಾದಾಗ, ಕೆಂಪು ಮಣ್ಣಿಗೂ ಬಂಗಾರದ ಬೆಲೆ ಇದೆಯೆಂದು ಅಂಕೋಲೆಯ ಮಕ್ಕಳಿಗೂ ಗೊತ್ತಾಯಿತು.

ಅಜ್ಜಿಯ ಕತ್ತಿ ಈಗಲೂ ನನ್ನ ಬಳಿ ಇದೆ, ಹಿಡಿ ಮಾತ್ರ ಎರಡು ಸಲ ಬದಲಾಗಿದೆ. ನಿಮ್ಮೂರಲ್ಲಿ ಆ ಗಾದೆಯನ್ನು ಹೇಗೆ ಹೇಳುತ್ತಾರೆ, ಬರೆದು ತಿಳಿಸಿ. ಬರೆಯುವಾಗ ದಯವಿಟ್ಟು ಬ ಯಾವುದು, ಭ ಯಾವುದು ಬಿಡಿಸಿ ಬರೆಯಿರಿ.